ಅಂಗಳವೂ ಡೊಂಕಿರಬಹುದು

ಕುಣಿಯಲಾರದವಳು ಅಂಗಳ ಡೊಂಕೆಂದಳೆಂಬ ಗಾದೆಯನ್ನು ನಮ್ಮ ನಾಡಿನಲ್ಲಿ ಅರಿಯದವರಿಲ್ಲ. ಕೆಲಸ ಕೆಟ್ಟಾಗ ಸಾಧನವನ್ನು ದೂರುವವರ ಬಾಯಿ ಮುಚ್ಚಿಸುವದಕ್ಕೆ ಈ ಮಾತು ಬಹು ಅನುಕೂಲವಾಗಿದೆ. ಆದರೆ ಈ ಗಾದೆಯನ್ನು ಆಡುವವರಲ್ಲಿ ಎಷ್ಟು ಜನರು ಆ ಅಂಗಳಕ್ಕೆ ಹೋಗಿ, ಅದು ನಿಜವಾಗಿಯೂ ಸಮವಾಗಿದೆಯೇ ಎಂದು ನೋಡಿ ಬಂದಿರುವರು? ಒಲೆ ಹೊಗೆಯುಗುಳಿದರೆ ಅಡಿಗೆ ಮಾಡುವವಳಿಗೆ ಉರಿ ಹಚ್ಚಲು ಬಾರದೆನ್ನುವೆವು. ಬಾಗಿಲು ತೆರೆಯದಿದ್ದರೆ ಹುಡುಗನಿಗೆ ಕೈಯಲ್ಲಿ ಬಲವಿಲ್ಲವೆನ್ನುವೆವು. ಅರ್ಜಿಯ ಕಾಗದ ತಿಳಿಯದಿದ್ದರೆ ಮುದುಕನಿಗೆ ಬುದ್ಧಿ ಸಾಲದೆನ್ನುವೆವು. ವಸ್ತುವು ಮೂಕವಾದದ್ದು, ತನ್ನ ದೋಷವನ್ನು ತಾನು ಹೇಳಿಕೊಳ್ಳಲಾರದು. ಆದುದರಿಂದ ಅದನ್ನು ಬಳಸುವವರ ಮೇಲೆಯೇ ಸದಾ ಅಪವಾದವು ಬಂದು ಬೀಳುತ್ತದೆ.

ಈ ವಿಷಯವು ನಮಗೆ ಗ್ರಂಥಗಳಿಂದ ಬಂದುದಲ್ಲ. ನಮ್ಮ ಮನೆತನದ ಒಂದು ಕಠಿಣ ಪ್ರಸಂಗದಿಂದ ಬಂದುದು. ನಮ್ಮ ತಾಯಿಯವರ ತಂಗಿ, ನಾವೆಲ್ಲರೂ ಅಬಚಿ ಎಂದು ಕರೆಯುವವರು, ಖಾನಾಪುರದಲ್ಲಿ ಒಬ್ಬರೇ ಇರುತ್ತಾರೆ. ವಯಸ್ಸು ಎಪ್ಪತ್ತೆಂಟು. ಮಕ್ಕಳು ದೂರದ ಊರುಗಳಲ್ಲಿ ನೌಕರಿಯಲ್ಲಿದ್ದಾರೆ. ಮಲಪ್ರಭೆಯಿಂದ ಬಹು ದೂರವಲ್ಲದ ಹಂಚಿನ ಮನೆ, ಹಿಂದೆ ಹಿತ್ತಲು, ಹಿತ್ತಲಿನಲ್ಲಿ ನಳ. ಬೆಳಗಾವಿಯಲ್ಲಿರುವ ನಮ್ಮ ಮನೆಗೂ ಅವರ ಮನೆಗೂ ಸುಮಾರು 26 ಕಿಲೋಮೀಟರು ಅಂತರ, ಬಸ್ಸಿದೆ, ರೈಲಿದೆ, ಆದರೂ ರಾತ್ರಿಯಲ್ಲಿ ಕೂಗಿದರೆ ಕೇಳುವಷ್ಟು ಹತ್ತಿರವಲ್ಲ.

ಒಂದು ಚೈತ್ರಮಾಸದ ಬೆಳಿಗ್ಗೆ ಅಬಚಿಯವರ ಸೀರೆಯ ಸೆರಗಿಗೆ ಗ್ಯಾಸಿನ ಒಲೆಯ ಉರಿ ತಗಲಿತು. ದೈವಕೃಪೆಯಿಂದ ಹತ್ತಿರದಲ್ಲಿಯೇ ನೀರಿನ ತಂಬಿಗೆಯಿದ್ದಿತು. ಎಡಗೈಗೆ ಬೊಬ್ಬೆಗಳೆದ್ದುದರಲ್ಲಿ ಅನಾಹುತವು ಮುಗಿಯಿತು. ಆದರೆ ಸುದ್ದಿಯು ಊರೂರಿಗೆ ಹೋಗಿ, ಎಂಟು ದಿನಗಳಲ್ಲಿ ಬಂಧುಗಳೆಲ್ಲ ಬೆಳಗಾವಿಯ ನಮ್ಮ ಮನೆಯಲ್ಲಿ ಕೂಡಿದರು. ಅಬಚಿಗೆ ವಯಸ್ಸಾಯಿತು, ಕಣ್ಣು ಮಂದವಾಯಿತು, ಕೈ ನಡುಗುತ್ತದೆ. ಇನ್ನು ಒಬ್ಬರೇ ಇರುವದು ಸಲ್ಲದು. ಮಳೆಗಾಲಕ್ಕೆ ಮೊದಲೇ ಮನೆಗೆ ಕೀಲಿ ಹಾಕಿ ಬೆಳಗಾವಿಗೆ ಕರೆತರತಕ್ಕದ್ದು ಎಂದು ಬಹುಮತದಿಂದ ತೀರ್ಮಾನವಾಯಿತು. ಆಡಿದವರೆಲ್ಲರೂ ಪ್ರೀತಿಯಿಂದಲೇ ಆಡಿದರು. ಅಬಚಿಯವರು ವಾದಿಸಲಿಲ್ಲ. ಇಷ್ಟು ಮಾತ್ರ ಅಂದರು: "ಇಲ್ಲಿ ನಾ ಬಂದಾಕಿ, ಅಲ್ಲಿ ನಾ ಮನಿಯಾಕಿ." ಆ ಎರಡು ಮಾತುಗಳಲ್ಲಿ ಒಂದು ಜನ್ಮದ ಸಂಸಾರವೇ ಅಡಗಿದ್ದಿತು. ಮುದುಕರಿಗೆ ಮನೆಯೆಂದರೆ ಕೇವಲ ಗೋಡೆಗಳಲ್ಲ. ಯಾರನ್ನೂ ಕೇಳದೆ ಒಂದು ಬಟ್ಟಲು ಚಹ ಮಾಡಿಕೊಳ್ಳುವ ಅಧಿಕಾರ. ಅದು ಹೋದ ಮೇಲೆ ಉಳಿಯುವ ಆದರವು ಎಷ್ಟು ದೊಡ್ಡದಾದರೂ ಅತಿಥಿಯ ಆದರವೇ ಸರಿ.

ಆಗ ಸಭೆಯಲ್ಲಿ ಎಲ್ಲರಿಗಿಂತ ಕಿರಿಯಳಾದ ನಮ್ಮ ಅಣ್ಣನ ಮಗಳು ಬಾಯಿ ತೆರೆದಳು. ಅವಳು ಬೆಳಗಾವಿಯಲ್ಲಿ ಇಂಜಿನಿಯರಿಂಗ ಓದುವವಳು. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮುಖ್ಯಸ್ಥಾನವು ಬೆಳಗಾವಿಯೇ ಎಂಬದನ್ನು ವಾಚಕರು ಬಲ್ಲರು. ಆ ವಿಶ್ವವಿದ್ಯಾಲಯವು 2021ರ ಪಾಠಕ್ರಮದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ವಿನ್ಯಾಸ ಚಿಂತನೆಯೆಂಬ ವಿಷಯವನ್ನು ಸೇರಿಸಿತು. ಹೆಸರು ಭಾರವಾಗಿದ್ದರೂ ಅದರ ತಿರುಳು ಸರಳವಾದದ್ದು. ಐದು ಮೆಟ್ಟಲುಗಳು: ಮೊದಲು, ವಸ್ತುವನ್ನು ಬಳಸುವವರ ಬಳಿ ಕುಳಿತು ಅವರ ಕಷ್ಟವನ್ನು ಅವರ ಕಣ್ಣಿನಿಂದ ನೋಡುವದು, ಎರಡನೆಯದು, ನಿಜವಾದ ತೊಡಕು ಯಾವದೆಂದು ಖಚಿತಮಾಡಿಕೊಳ್ಳುವದು, ಮೂರನೆಯದು, ಪರಿಹಾರಗಳನ್ನು ಹಲವು ಬಗೆಯಾಗಿ ಯೋಚಿಸುವದು, ನಾಲ್ಕನೆಯದು, ಅಗ್ಗದಲ್ಲಿ ಒಂದು ಮಾದರಿಯನ್ನು ಮಾಡಿ ನೋಡುವದು, ಐದನೆಯದು, ಅದನ್ನು ಬಳಸುವವರ ಕೈಗೆ ಕೊಟ್ಟು ಪರೀಕ್ಷಿಸಿ, ತಪ್ಪಿದಲ್ಲಿ ಪುನಃ ಮೊದಲಿನಿಂದ ಹೊರಡುವದು. ಹುಡುಗಿಯು, "ಅಜ್ಜಿಗೆ ಏನಾಗೇದ ಅಂತ ಎಲ್ಲಾರೂ ಹೇಳಿದ್ರಿ. ಅಡಿಗಿಮನಿಗೆ ಏನಾಗೇದ ಅಂತ ಯಾರೂ ಹೇಳಲಿಲ್ಲ. ಒಂದು ವಾರ ನನ್ನ ಅಲ್ಲಿ ಬಿಡ್ರಿ," ಎಂದಳು. ಹಿರಿಯರು ನಕ್ಕರೂ ಅನುಮತಿ ಕೊಟ್ಟರು. ಅವಳ ಜೊತೆಗೆ ನಾವೂ ಎರಡು ದಿನ ಖಾನಾಪುರದಲ್ಲಿ ನಿಂತೆವು.

ಮೊದಲನೆಯ ದಿನ ಅವಳು ಯಾವ ಉಪದೇಶವನ್ನೂ ಮಾಡಲಿಲ್ಲ. ಅಡಿಗೆಮನೆಯ ಹೊಸ್ತಿಲಲ್ಲಿ ಒಂದು ವಹಿಯನ್ನು ಹಿಡಿದು ಕುಳಿತು, ಅಬಚಿಯವರು ಮಾಡಿದುದನ್ನೆಲ್ಲ ಬರೆದುಕೊಂಡಳು. ಸಂಜೆಗೆ ಆ ವಹಿಯನ್ನು ನಾವು ಓದಿದೆವು. ಅಬಚಿಯವರು ಹಿತ್ತಲಿನ ನಳಕ್ಕೆ ಹನ್ನೊಂದು ಸಲ ಹೋಗಿ ಬಂದಿದ್ದರು. ಮೂರು ಮೆಟ್ಟಲುಗಳಲ್ಲಿ ಕೊನೆಯದು ಉಳಿದ ಎರಡಕ್ಕಿಂತ ನಾಲ್ಕು ಬೆರಳು ಎತ್ತರವಾದದ್ದು. ಅಲ್ಲಿ ಪ್ರತಿಸಲವೂ ಗೋಡೆಯನ್ನು ಹಿಡಿದಿದ್ದರು. ಬೆಳಗಿನ ಗುಳಿಗೆಯೂ ರಾತ್ರಿಯ ಗುಳಿಗೆಯೂ ಒಂದೇ ಗಾತ್ರ, ಒಂದೇ ಬಿಳುಪು. ಹೊದಿಕೆಯ ಮೇಲಿನ ಅಕ್ಷರಗಳು ಎಳ್ಳಿನಷ್ಟು ಸಣ್ಣ, ಅವೂ ಇಂಗ್ಲಿಷು. ಎಲ್ಲಕ್ಕೂ ಮುಖ್ಯವಾದ ಸಂಗತಿಯೆಂದರೆ, ಒಂದು ಹೊತ್ತಿನ ಅಡಿಗೆಯಲ್ಲಿ ಅಬಚಿಯವರು ಉರಿಯುವ ಒಲೆಯ ಮೇಲಿಂದ ಹದಿನಾಲ್ಕು ಸಲ ಕೈ ಚಾಚಿದ್ದರು. ಒಲೆಯ ನೇರ ಹಿಂದೆ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಉಪ್ಪು, ಅರಿಸಿನ, ಸಾಸಿವೆಯ ಡಬ್ಬಿಗಳು. ಚಾಚಿದ ಕೈಯ ಕೆಳಗೆ ಸೆರಗು. ಸೆರಗಿನ ಕೆಳಗೆ ಉರಿ. ಕಣ್ಣು ಮಂದವಾದುದಾಗಲಿ ಕೈ ನಡುಗುವದಾಗಲಿ ಇದಕ್ಕೆ ಕಾರಣವಾಗಿರಲಿಲ್ಲ. ಇಪ್ಪತ್ತು ವರ್ಷದ ಹುಡುಗಿಯು ಅಲ್ಲಿ ನಿಂತು ಅಡಿಗೆ ಮಾಡಿದರೂ ಒಂದಿಲ್ಲೊಂದು ದಿನ ಅವಳ ಸೆರಗಿಗೂ ಕಿಡಿ ತಗಲತಕ್ಕದ್ದೇ. ಅಂಗಳವು ನಿಜವಾಗಿಯೂ ಡೊಂಕಿದ್ದಿತು!

ಇಂಥ ನೋಟವು ಹೊಸದೆಂದು ತಿಳಿಯಬಾರದು. ವಸ್ತುವನ್ನು ಮಾಡುವವನೂ ಬಳಸುವವನೂ ಎದುರುಬದುರು ಕುಳಿತ ಕಾಲದಲ್ಲಿ ಇದಕ್ಕೆ ಬೇರೆ ಹೆಸರೇ ಬೇಕಾಗಿರಲಿಲ್ಲ. ಖಾನಾಪುರವು ಮಣ್ಣಿನ ಕೆಲಸಕ್ಕೆ ಹೆಸರಾದ ಊರು; ಹಂಚು, ಇಟ್ಟಿಗೆ, ಗಡಿಗೆಗಳು ಇಲ್ಲಿಯ ಕಸಬು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯು ಇರುವದೂ ಇಲ್ಲಿಯೇ. ಅಬಚಿಯವರು ಹರವಿಯನ್ನು ಕೊಳ್ಳುವ ರೀತಿಯನ್ನು ನಾವು ಬಾಲ್ಯದಿಂದ ಬಲ್ಲೆವು. ಬೆರಳಿನ ಗೆಣ್ಣಿನಿಂದ ತಟ್ಟಿ ನಾದವನ್ನು ಕೇಳುವರು; ಬಾಯೊಳಗೆ ಕೈ ಹಾಕಿ, ಒಳಗೆ ತೊಳೆಯಲು ಬರುವದೋ ಇಲ್ಲವೋ ನೋಡುವರು; ಕಂಠವು ಕಿರಿದಾಗಿದ್ದರೆ, "ಇದರಾಗ ನಿಮ್ಮ ಮನಿಯಾಕಿ ಕೈ ಹೋಗ್ತದೇನಪಾ?" ಎಂದು ಕುಂಬಾರನನ್ನು ಕೇಳುವರು. ಮುಂದಿನ ಸಂತೆಗೆ ಕಂಠವು ಒಂದು ಬೆರಳು ಅಗಲವಾಗಿ ಬರುತ್ತಿದ್ದಿತು. ಕುಂಬಾರನು ಯಾವ ಪಾಠಶಾಲೆಯಲ್ಲಿಯೂ ಇದನ್ನು ಕಲಿತವನಲ್ಲ. ಅವನ ತಪ್ಪನ್ನು ಅವನ ಮುಖದೆದುರಿಗೇ ಹೇಳುವವರಿದ್ದರು, ಅಷ್ಟೇ. ಹರವಿಯಲ್ಲಿ ನೀರು ತಣ್ಣಗಾಗುವದು ಅದರ ಸಣ್ಣ ರಂಧ್ರಗಳಿಂದ ನೀರು ಒಸರಿ, ಹೊರಮೈಯಲ್ಲಿ ಆವಿಯಾಗಿ, ಶಾಖವನ್ನು ಒಯ್ಯುವದರಿಂದ. ಚೆಲುವಿನ ಆಶೆಯಿಂದ ಅದಕ್ಕೆ ಮೆರುಗುಗಾಜಿನ ಲೇಪವನ್ನು ಕೊಟ್ಟರೆ ಹೊಳಪು ಬರುವದು, ತಂಪು ಹೋಗುವದು. ಬಳಸುವವರನ್ನು ಮರೆತು ವಸ್ತುವನ್ನು ಸಿಂಗರಿಸಿದರೆ ಆಗುವದು ಹೀಗೆಯೇ.

ಬೆಳಗಾವಿಯ ಇತಿಹಾಸದಲ್ಲಿಯೂ ಇದಕ್ಕೆ ದೊಡ್ಡ ಉದಾಹರಣೆಯಿದೆ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಗೆ ಚಿತ್ರಕಲೆಯನ್ನು ಕಲಿಯಲು ಹೋದರು. ಕೆಲವು ಬಣ್ಣಗಳು ಅವರ ಕಣ್ಣಿಗೆ ಬೇರೆಬೇರೆಯಾಗಿ ಕಾಣುತ್ತಿರಲಿಲ್ಲವಾದ್ದರಿಂದ ಕುಂಚವನ್ನು ಬಿಟ್ಟು ಯಂತ್ರಗಳ ನಕಾಶೆಯನ್ನು ಹಿಡಿದರು. 1888ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಅವರ ಸೈಕಲ್ಲಿನ ಅಂಗಡಿಯಲ್ಲಿ ಗಾಡಿಯನ್ನು ಮಾರಿ ಕೈತೊಳೆದುಕೊಳ್ಳುವ ಪದ್ಧತಿಯಿರಲಿಲ್ಲ; ಅದನ್ನು ಹತ್ತಿ ನಡೆಸುವದನ್ನೂ ಕೊಂಡವರಿಗೆ ಕಲಿಸುತ್ತಿದ್ದರು. ಹತ್ತಲು ಬಾರದವನಿಗೆ ಸೈಕಲ್ಲು ಬರಿಯ ಕಬ್ಬಿಣದ ಹೊರೆಯೆಂಬದನ್ನು ಆ ಸೋದರರು ಅಂದೇ ಅರಿತಿದ್ದರು. ಮುಂದೆ ಅವರು ಕಣಿಕೆ ಕತ್ತರಿಸುವ ಯಂತ್ರವನ್ನೂ 1903ರ ಸುಮಾರಿಗೆ ಕಬ್ಬಿಣದ ನೇಗಿಲನ್ನೂ ಮಾಡಿದರು. ನೇಗಿಲು ಗಟ್ಟಿಯಾದದ್ದೇ. ಆದರೆ ಕಬ್ಬಿಣವು ಹೊಲಕ್ಕೆ ವಿಷವಾಗುವದೆಂದು ನಂಬಿದ ರೈತರು ಅದನ್ನು ಮುಟ್ಟಲೊಲ್ಲದೆ ಹೋದರು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. 1910ರಲ್ಲಿ ಅವರು ಬೆಳಗಾವಿಯನ್ನು ಬಿಟ್ಟು ಔಂಧ ಸಂಸ್ಥಾನದಲ್ಲಿ ಕಾರಖಾನೆಯನ್ನು ಹೂಡಿದ ಸ್ಥಳವೇ ಕಿರ್ಲೋಸ್ಕರವಾಡಿಯಾಯಿತು. ಬೆಳಗಾವಿಯಲ್ಲಿ ಅವರ ಹೆಸರಿನ ರಸ್ತೆಯು ಈಗಲೂ ಇದೆ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ರೈತನ ಮೌಢ್ಯವನ್ನು ಕಂಡು ನಗುತ್ತಾರೆ. ನಾವು ರೈತನ ಪಕ್ಷವನ್ನು ಹಿಡಿದು ಸ್ವಲ್ಪ ಯೋಚಿಸೋಣ. ಮರದ ನೇಗಿಲು ಮುರಿದರೆ ಊರ ಬಡಿಗನು ಅದನ್ನು ಅದೇ ದಿನ ಸರಿಮಾಡುವನು. ಕೂಲಿಯನ್ನು ಸುಗ್ಗಿಯಲ್ಲಿ ಕಾಳಿನ ರೂಪದಿಂದ ಕೊಟ್ಟರಾಯಿತು. ಕಬ್ಬಿಣದ್ದು ಮುರಿದರೆ ಯಾರ ಬಳಿಗೆ ಹೋಗತಕ್ಕದ್ದು? ಎತ್ತುಗಳು ಅದನ್ನು ಎಳೆಯಬಲ್ಲವೇ? ಒಂದು ವರ್ಷದ ಬೆಳೆಯನ್ನು ಪಣವಾಗಿಟ್ಟು ಹೊಸದನ್ನು ಪರೀಕ್ಷಿಸುವ ಧೈರ್ಯವು ಶ್ರೀಮಂತನಿಗೆ ಇರಬಹುದು; ಎರಡೆಕರೆಯವನಿಗೆ ಎಲ್ಲಿಂದ ಬರಬೇಕು? ವಿಷವೆಂಬ ಮಾತಿನ ಹಿಂದೆ ಇಂಥ ಸಕಾರಣವಾದ ಭಯಗಳು ಅಡಗಿರಬಲ್ಲವು. ಬಳಸುವವನು ಹೇಳುವ ಕಾರಣವು ತಪ್ಪಾಗಿದ್ದರೂ ಅವನ ಹಿಂಜರಿಕೆಯು ತಪ್ಪಾಗಿರಲೇಬೇಕೆಂದಿಲ್ಲ. ಇದನ್ನು ಬಿಡಿಸಿ ನೋಡುವದೇ ವಿನ್ಯಾಸಕನ ಮೊದಲನೆಯ ಕರ್ತವ್ಯ.

ಇನ್ನು ಖಾನಾಪುರದ ಅಡಿಗೆಮನೆಗೆ ಬರೋಣ. ಬಂಧುಗಳೊಬ್ಬರು ವಿದ್ಯುತ್ತಿನ ಇಂಡಕ್ಷನ್ ಒಲೆಯನ್ನು ಕೊಡಿಸಲು ಮುಂದೆ ಬಂದಿದ್ದರು. ಉರಿಯೇ ಇಲ್ಲದಿದ್ದರೆ ಅಪಾಯವೆಲ್ಲಿಯದು ಎಂಬದು ಅವರ ವಾದ. ಅಬಚಿಯವರ ಹಿತ್ತಾಳೆ ಮತ್ತು ಅಲ್ಯುಮಿನಿಯಂ ಪಾತ್ರೆಗಳು ಆ ಒಲೆಗೆ ಹೊಂದಲಾರವು. ಮಳೆಗಾಲದಲ್ಲಿ ಅಲ್ಲಿಯ ವಿದ್ಯುತ್ತಿನ ಭರವಸೆಯೂ ಇಲ್ಲ. ಆ ವಿಚಾರವು ಅಲ್ಲಿಗೆ ನಿಂತಿತು. ಹುಡುಗಿಯು ಕಿಟಕಿಯ ಪಕ್ಕದಲ್ಲಿ ಒಂದು ಉಕ್ಕಿನ ಅಟ್ಟಣಿಗೆಯನ್ನು ನಿಲ್ಲಿಸಿ, ಡಬ್ಬಿಗಳನ್ನೆಲ್ಲ ಗೂಡಿನಿಂದ ತೆಗೆದು ಅದರಲ್ಲಿ ಜೋಡಿಸಿದಳು. ನೋಡಲು ಬಹು ಅಂದವಾಯಿತು. ಮೂರನೆಯ ದಿನ ಡಬ್ಬಿಗಳೆಲ್ಲ ಹಳೆಯ ಗೂಡಿನಲ್ಲಿಯೇ ಕುಳಿತಿದ್ದವು! ಬೇರೆ ಯಾರಾದರೂ ಆಗಿದ್ದರೆ ಮುದುಕರ ಹಟವೆಂದು ಮುನಿಯುತ್ತಿದ್ದರು. ಹುಡುಗಿಯು ಕಾರಣವನ್ನು ಕೇಳಿದಳು. ಅಬಚಿಯವರು ನಕ್ಕು ಹೇಳಿದರು: "ಅಲ್ಲವಾ, ಮಳಿಗಾಲದಾಗ ಕಿಡಕಿ ಹಂತ್ಯಾಕ ಇಟ್ಟರ ಉಪ್ಪು ಉಪ್ಪಾಗಿ ಉಳೀತದೇನ? ನೀರಾಗಿ ಹರದ ಹೋಗ್ತದ. ಒಲಿ ಹಿಂದಿನ ಗೂಡು ಬೆಚ್ಚಗಿರ್ತದ ಅಂತ ನಮ್ಮ ಅತ್ತಿಯವರ ಕಾಲದಿಂದ ಅಲ್ಲೇ ಇಡಕೋತ ಬಂದೇವಿ."

ಖಾನಾಪುರದ ಮಳೆಯನ್ನು ಕಂಡವರಿಗೆ ಈ ಮಾತಿನ ಬೆಲೆ ತಿಳಿಯುವದು. ಪಶ್ಚಿಮಕ್ಕೆ ಕಣಕುಂಬಿಯ ಕಾಡು, ಮಲಪ್ರಭೆಯ ಉಗಮ. ಆಷಾಢ ಶ್ರಾವಣಗಳಲ್ಲಿ ಗೋಡೆಗಳೂ ಬೆವರುತ್ತವೆ. ಆ ಗೂಡು ಅಲ್ಲಿದ್ದುದು ಅವಿಚಾರದಿಂದಲ್ಲ. ಒಂದು ತಲೆಮಾರಿನ ವಿಚಾರದಿಂದ. ಆದರೆ ಅದು ನೆಲದ ಮೇಲಿನ ಕಟ್ಟಿಗೆಯ ಒಲೆಯ ಕಾಲದ ವಿಚಾರ. ಆಗ ಕುಳಿತು ಅಡಿಗೆ ಮಾಡುತ್ತಿದ್ದರು. ಗೂಡು ಪಕ್ಕದಲ್ಲಿ ಕೈಗೆ ಎಟಕುತ್ತಿದ್ದಿತು. ಕಟ್ಟೆಯ ಮೇಲೆ ಗ್ಯಾಸಿನ ಒಲೆಯು ಬಂದಾಗ ಅದನ್ನು ಕೂಡಿಸಿದವನು ಗೂಡಿನ ಎದುರಿಗೇ ಕೂಡಿಸಿ ಹೋದನು. ಹುಡುಗಿಗೆ ಕೂಡಲೆ ಹೊಳೆಯಿತು. ಡಬ್ಬಿಗಳನ್ನು ಸರಿಸುವದು ಬೇಡ, ಒಲೆಯನ್ನೇ ಸರಿಸಬೇಕು. ಕೊಳವೆಯ ಉದ್ದವನ್ನು ನೋಡಿ, ಬಲ್ಲವನನ್ನು ಕರೆಸಿ, ಒಲೆಯನ್ನು ಕಟ್ಟೆಯ ಮೇಲೆಯೇ ಎರಡು ಗೇಣು ಎಡಕ್ಕೆ ಸರಿಸಿದ್ದಾಯಿತು. ಗೂಡಿಗೆ ಬಿಸುಪು ಮುಟ್ಟುವದು ತಪ್ಪಲಿಲ್ಲ. ಕೈಯು ಉರಿಯನ್ನು ದಾಟುವದು ತಪ್ಪಿತು. ಅದೇ ಹೊತ್ತಿನ ಅಡಿಗೆಯನ್ನು ಹುಡುಗಿಯು ಪುನಃ ಎಣಿಸಿದಳು. ಹದಿನಾಲ್ಕು ಇದ್ದಲ್ಲಿ ಸೊನ್ನೆ.

ಒಲೆಯ ಗುಂಡಿಯ ವಿಷಯದಲ್ಲಿಯೂ ಹೀಗೆಯೇ ಆಯಿತು. ಮೊದಲು ಕೆಂಪು ಬಣ್ಣದಿಂದ ಗುರುತು ಮಾಡಿದಳು; ಮಬ್ಬು ಬೆಳಕಿನಲ್ಲಿ ಅಬಚಿಯವರಿಗೆ ಅದು ಕಾಣಲಿಲ್ಲ. "ನನಗ ಕಣ್ಣಿಗಿಂತ ಬೆರಳು ಛಲೋ ಕಾಣಸ್ತದ" ಎಂದು ಅವರು ಅಂದ ಮೇಲೆ, ನಳದ ದುರಸ್ತಿಗೆ ಹಚ್ಚುವ ಎಂ-ಸೀಲಿನ ಒಂದು ಕಾಳನ್ನು ಗುಂಡಿಯ ತಲೆಗೆ ಅಂಟಿಸಿದಳು. ಕಾಳು ಮೇಲಕ್ಕಿದ್ದರೆ ಒಲೆ ಆರಿದೆ; ಓರೆಯಾಗಿದ್ದರೆ ಉರಿಯುತ್ತಿದೆ. ಗುಳಿಗೆಗಳ ಉಪಾಯವು ಅಬಚಿಯವರದೇ. ಬೆಳಗಿನದನ್ನು ಕುಂಕುಮದ ಭರಣಿಯ ಬಳಿ ಇಟ್ಟರು, ಸ್ನಾನವಾದ ಮೇಲೆ ಕೈ ಅಲ್ಲಿಗೆ ಹೋಗುವದು. ರಾತ್ರಿಯದನ್ನು ದೇವರ ದೀಪದ ಎಣ್ಣೆಯ ಬಳಿ. ದಿನಚರಿಯೇ ಗಡಿಯಾರವಾಯಿತು. ಎತ್ತರದ ಮೆಟ್ಟಲಿನ ಮುಂದೆ ಗೌಂಡಿಯು ಒಂದು ಕಲ್ಲನ್ನು ಕೂಡಿಸಿ, ಗೋಡೆಗೆ ಹಿಡಿಕೆಯನ್ನು ಹಾಕಿದನು. ಇಷ್ಟೆಲ್ಲಕ್ಕೂ ತಗಲಿದ ವೆಚ್ಚವು ಇಂಡಕ್ಷನ್ ಒಲೆಯ ಬೆಲೆಗಿಂತ ಕಡಿಮೆ.

ಈ ಚಿಕ್ಕ ಅಡಿಗೆಮನೆಯಲ್ಲಿ ನಡೆದುದು ದೇಶದ ಮಟ್ಟದಲ್ಲಿಯೂ ನಡೆದಿದೆ. ಹೊಗೆಯಿಂದ ನಮ್ಮ ಹೆಂಗಸರ ಕಣ್ಣು ಮತ್ತು ಪುಪ್ಪುಸಗಳು ಹಾಳಾಗುವವೆಂದು ಮನಗಂಡು, ಹೈದರಾಬಾದಿನ ಎಸ್. ಪಿ. ರಾಜು ಅವರು 1953ರಲ್ಲಿಯೇ ಹೊಗೆಯಿಲ್ಲದ ಒಲೆಯ ಬಗ್ಗೆ ಪುಸ್ತಕವನ್ನು ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಿಂದ 1974ರಲ್ಲಿ ಹುಟ್ಟಿದ ಅಸ್ತ್ರ ಎಂಬ ಕೇಂದ್ರವು ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಹಳ್ಳಿಯವರ ನಡುವೆಯೇ ಕೆಲಸ ಮಾಡಿತು; ಮೂರು ಪಾತ್ರೆಗಳನ್ನಿಡುವ ಅಸ್ತ್ರ ಒಲೆಯನ್ನು ಕರ್ನಾಟಕದ ಅನೇಕ ಮನೆಗಳು ಕಂಡಿವೆ. ಕೇಂದ್ರ ಸರಕಾರವು 1980ರ ದಶಕದಿಂದ 2002ರ ವರೆಗೆ ನಡೆಸಿದ ಸುಧಾರಿತ ಒಲೆಗಳ ಯೋಜನೆಯಲ್ಲಿ ದೇಶದಾದ್ಯಂತ ಮೂರು ಕೋಟಿಗೂ ಮೀರಿ ಒಲೆಗಳನ್ನು ಹಾಕಿಸಲಾಯಿತು. ಆದರೆ ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಮೂಲೆಗೆ ಬಿದ್ದವು. ಕೆಲವೆಡೆ ಒಲೆಯ ಬಾಯಿಗೆ ಮನೆಯ ಪಾತ್ರೆ ಹೊಂದಲಿಲ್ಲ. ಕೆಲವೆಡೆ ಕಟ್ಟಿಗೆಯನ್ನು ಸಣ್ಣದಾಗಿ ಸೀಳುವ ಹೊಸ ದುಡಿಮೆಯು ಹೆಂಗಸಿನ ತಲೆಗೇ ಬಂದಿತು. ಕೆಲವೆಡೆ ಹೊಗೆಗೊಳವೆಯ ಮಸಿಯನ್ನು ತೆಗೆಯುವವರೇ ಇರಲಿಲ್ಲ. ಬಿರುಕು ಬಿಟ್ಟರೆ ಸರಿಮಾಡಲು ಬರುವವರೂ ಇರಲಿಲ್ಲ. ಒಲೆಗಳ ಸಂಖ್ಯೆಯನ್ನು ಎಣಿಸಿದಷ್ಟು ಶ್ರದ್ಧೆಯಿಂದ ಅವುಗಳ ಮುಂದೆ ಕುಳಿತವರನ್ನು ಕೇಳಿದ್ದರೆ ಫಲವು ಬೇರೆಯಾಗುತ್ತಿದ್ದಿತು.

ಹೊರದೇಶಗಳಲ್ಲಿಯೂ ಇದೇ ಪಾಠ. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ಮಹಿಳೆಯು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಬಡವರ ಮನೆಗಳಿಗಾಗಿ ಒಂದು ಅಡಿಗೆಮನೆಯನ್ನು ರಚಿಸಿದಳು. ಗೃಹಿಣಿಯು ಇಡುವ ಹೆಜ್ಜೆಗಳನ್ನು ಎಣಿಸಿ, ವೇಳೆಯನ್ನು ಅಳೆದು, ಎಲ್ಲವೂ ಕೈಗೆಟಕುವಂತೆ ಮಾಡಿದಳು. ಸುಮಾರು 10,000 ಮನೆಗಳಲ್ಲಿ ಅದನ್ನು ಕಟ್ಟಿದರು. ಶ್ರಮವು ಕಡಿಮೆಯಾಯಿತು; ಆದರೆ ಅಲ್ಲಿ ಒಬ್ಬರಿಗೆ ಮಾತ್ರ ಸ್ಥಳವಿದ್ದುದರಿಂದ ಅಡಿಗೆ ಮಾಡುವವಳು ಮನೆಮಂದಿಯಿಂದ ಅಗಲಿದಂತಾಯಿತೆಂಬ ಆಕ್ಷೇಪವೂ ಬಂದಿತು. ಹೆಜ್ಜೆಯನ್ನು ಎಣಿಸಬಹುದು, ಮಾತುಕತೆಯನ್ನು ಎಣಿಸಲು ಬಾರದು. ನಮ್ಮ ದೇಶದ ಜಯಪುರದಲ್ಲಿ 1968ರ ಸುಮಾರಿಗೆ ಶಸ್ತ್ರವೈದ್ಯ ಪಿ. ಕೆ. ಸೇಠಿ ಹಾಗೂ ಕುಶಲಕರ್ಮಿ ರಾಮಚಂದ್ರ ಶರ್ಮರು ಕೃತಕ ಪಾದವೊಂದನ್ನು ಸಿದ್ಧಪಡಿಸಿದರು. ಪಶ್ಚಿಮದ ಕೃತಕ ಪಾದಕ್ಕೆ ಬೂಟು ಬೇಕು, ಕುರ್ಚಿ ಬೇಕು. ನಮ್ಮವನು ಬರಿಗಾಲಿನಿಂದ ಕೆಸರಿನಲ್ಲಿ ನಡೆಯತಕ್ಕವನು, ನೆಲದ ಮೇಲೆ ಚಕ್ಕಲಗುಳಿ ಹಾಕಿ ಉಣ್ಣತಕ್ಕವನು. ಇದನ್ನು ನೋಡಿ ಮಾಡಿದ್ದರಿಂದಲೇ ಜಯಪುರದ ಕಾಲು ಲೋಕಪ್ರಸಿದ್ಧವಾಯಿತು.

ಭಾರತ ಸರಕಾರದ ಆಮಂತ್ರಣದ ಮೇಲೆ ಬಂದ ಅಮೇರಿಕೆಯ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ಅವರು ಈ ದೇಶದಲ್ಲಿ ಕಂಡ ವಸ್ತುಗಳಲ್ಲಿ ಅಗ್ರಸ್ಥಾನವನ್ನು ಕೊಟ್ಟುದು ನಮ್ಮ ನಿತ್ಯದ ತಂಬಿಗೆಗೆ! ಎಷ್ಟು ನೀರು ಹಿಡಿಯಬೇಕು, ಎಂಥ ಕೈಯಲ್ಲಿ ಕೂಡಬೇಕು, ಬಗ್ಗಿಸಿದಾಗ ಧಾರೆ ಹೇಗೆ ಬೀಳಬೇಕು, ಒಳಗೆ ತಿಕ್ಕಲು ಬರಬೇಕೇ, ಸೊಂಟದ ಮೇಲಾಗಲಿ ತಲೆಯ ಮೇಲಾಗಲಿ ಹೇಗೆ ನಿಲ್ಲಬೇಕು ಎಂಬ ಪ್ರಶ್ನೆಗಳಿಗೆಲ್ಲ ಆ ಪಾತ್ರೆಯು ಉತ್ತರವಾಗಿದೆ. ಅದನ್ನು ಒಬ್ಬನು ರಚಿಸಿದುದಲ್ಲ, ಅನೇಕ ತಲೆಮಾರುಗಳ ಅನೇಕ ಜನರು ತಿದ್ದುತ್ತ ಬಂದುದು ಎಂಬದು ಅವರ ಅಭಿಪ್ರಾಯದ ಸಾರ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು. ಮುಂದೆ ಡೊನಾಲ್ಡ್ ನಾರ್ಮನ್ ಎಂಬ ಮನಃಶಾಸ್ತ್ರಜ್ಞರು 1988ರಲ್ಲಿ ನಿತ್ಯದ ವಸ್ತುಗಳನ್ನು ಕುರಿತು ಗ್ರಂಥವನ್ನು ಬರೆದು, ಜನರು ಬಾಗಿಲನ್ನು ನೂಕಬೇಕಾದಲ್ಲಿ ಎಳೆದರೆ ದೋಷವು ಬಾಗಿಲಿನದೆಂದು ವಾದಿಸಿದರು. ಬಳಸುವವರ ಅನುಭವ ಎಂಬ ಮಾತು 1993ರಲ್ಲಿ ಅವರು ಆ್ಯಪಲ್ ಕಂಪನಿಯನ್ನು ಸೇರಿದಾಗಿನಿಂದ ಉದ್ಯಮಗಳಲ್ಲಿ ರೂಢಿಗೆ ಬಂದಿತು. ವಿದ್ವಾಂಸರು ಹೆಸರನ್ನು ಕೊಟ್ಟರು. ವಿಷಯವು ನಮ್ಮ ನೀರಿನ ಮನೆಯಲ್ಲಿ ಮೊದಲೇ ಇದ್ದಿತು.

ವಸ್ತುವನ್ನು ಬಳಸುವವರು ಯಾರೆಂದು ಮೊದಲೇ ಸ್ಪಷ್ಟವಾಗಿ ಹೇಳಿದ ಒಂದು ಪ್ರಕಟನೆಯನ್ನು ಇಲ್ಲಿ ಸ್ಮರಿಸಬೇಕು. ಗಾಂಧೀಜಿಯವರು 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದುದು ಎಲ್ಲರಿಗೂ ಗೊತ್ತು. ಅವರ ಅಖಿಲ ಭಾರತ ಚರಕಾ ಸಂಘವು 1929ರಲ್ಲಿ ಉತ್ತಮ ಚರಕಕ್ಕಾಗಿ ಒಂದು ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿತು. ಯಂತ್ರವು ಹಗುರಾಗಿರಬೇಕು, ಹಳ್ಳಿಯ ಗುಡಿಸಲಿನಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯಬೇಕು, ಒಬ್ಬ ಹೆಂಗಸು ಅತಿಶ್ರಮವಿಲ್ಲದೆ ಎಂಟು ತಾಸು ನಡೆಸುವಂತಿರಬೇಕು, ಬೆಲೆ 150 ರೂಪಾಯಿ ಮೀರಬಾರದು, ಇಪ್ಪತ್ತು ವರ್ಷ ಬಾಳಬೇಕು, ವರ್ಷದ ದುರಸ್ತಿಯು ಬೆಲೆಯ ನೂರಕ್ಕೆ ಐದನ್ನು ದಾಟಬಾರದು. ಬಹುಮಾನವು ಯಾರಿಗೂ ಸಲ್ಲಲಿಲ್ಲ. ಆದರೂ ಈ ನಿಬಂಧನೆಗಳನ್ನು ಓದುವವನಿಗೆ ಗುಡಿಸಲೂ, ಹೆಂಗಸಿನ ಕೈಯೂ, ಬಡವನ ಗಂಟೂ ಕಣ್ಣಿಗೆ ಕಟ್ಟುತ್ತವೆ. ವಸ್ತುವನ್ನು ಕುರಿತು ಹೇಗೆ ವಿಚಾರ ಮಾಡತಕ್ಕದ್ದೆಂಬದಕ್ಕೆ ಇದು ಇಂದಿಗೂ ಮಾದರಿಯಾಗಬಲ್ಲದು.

ವಸ್ತುಗಳಿಗೆ ಅನ್ವಯಿಸುವ ಮಾತು ಸೇವೆಗಳಿಗೂ ಅನ್ವಯಿಸುತ್ತದೆ. ಅಬಚಿಯವರನ್ನು ನಾವು ಒಮ್ಮೆ ಒಂದು ಕಛೇರಿಗೆ ಕರೆದೊಯ್ದಿದ್ದೆವು. ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಬೇಕೆಂದರು. ಅರವತ್ತು ವರ್ಷ ಪಾತ್ರೆ ತಿಕ್ಕಿ ಸವೆದ ಬೆರಳಿನ ಗೆರೆಗಳನ್ನು ಯಂತ್ರವು ಗುರುತಿಸಲಿಲ್ಲ. ಐದು ಸಲ ಒತ್ತಿಸಿದ ಮೇಲೆ ಅಲ್ಲಿದ್ದ ತರುಣನು, "ಅಜ್ಜಿ, ನಿಮ್ಮ ಬೆರಳ ಸರಿ ಇಲ್ಲ ನೋಡ್ರಿ," ಎಂದನು. ದುಡಿದ ಬೆರಳು ಸರಿಯಿಲ್ಲವಂತೆ. ದುಡಿದವರ ಬೆರಳನ್ನು ಅರಿಯದ ಯಂತ್ರವು ಸರಿಯಾದದ್ದಂತೆ! ಆ ತರುಣನನ್ನು ನಾವು ದೂರುವದಿಲ್ಲ. ಯಂತ್ರವು ಸೋತರೆ ಮುಂದೇನು ಮಾಡತಕ್ಕದ್ದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೇವೆಯನ್ನು ರಚಿಸುವವರು ಎಲ್ಲವೂ ಸರಿಯಾಗಿ ನಡೆಯುವ ದಿನವನ್ನು ಮಾತ್ರ ನೆನೆಯದೆ, ನಡೆಯದ ದಿನವನ್ನೂ ನೆನೆಯಬೇಕು. ಎರಡನೆಯ ದಾರಿಯೊಂದನ್ನು ಮೊದಲೇ ತೆರೆದಿಡಬೇಕು.

ಗೃಹಸ್ಥರಾದ ನಾವು ವಿನ್ಯಾಸಕರಲ್ಲ. ಆದರೂ ನಮ್ಮ ಕೈಯಲ್ಲಿ ಬಹಳಷ್ಟಿದೆ. ಅಂಗಡಿಯಲ್ಲಿ ವಸ್ತುವನ್ನು ಕೊಳ್ಳುವಾಗ ಅದನ್ನು ನಿತ್ಯ ಬಳಸತಕ್ಕವರನ್ನೇ ಕರೆದೊಯ್ದು ಅವರ ಕೈಗೆ ಕೊಟ್ಟು ನೋಡಬೇಕು. ಅಡಿಗೆಮನೆಯ ಕಟ್ಟೆಯ ಎತ್ತರವನ್ನು ಗೌಂಡಿಯ ಅಳತೆಗೆ ಬಿಡದೆ, ಅಡಿಗೆ ಮಾಡುವವಳನ್ನು ನಿಲ್ಲಿಸಿ ಗುರುತು ಮಾಡಿಸಬೇಕು. ತೊಳೆಯಲು ಬರುವದೋ, ಕತ್ತಲೆಯಲ್ಲಿ ತಿಳಿಯುವದೋ, ಕೆಟ್ಟರೆ ಊರಿನಲ್ಲಿಯೇ ಸರಿಮಾಡುವವರಿರುವರೋ ಎಂದು ಕೇಳಬೇಕು. ಹಿರಿಯರು ಹೊಸದನ್ನು ಮುಟ್ಟದೆ ಹಳೆಯದಕ್ಕೇ ಮರಳಿದರೆ ಗದರಿಸದೆ, ಹಳೆಯದರಲ್ಲಿ ಯಾವ ಗುಣವಿದ್ದಿತೆಂದು ವಿಚಾರಿಸಬೇಕು. ಉಪ್ಪಿನ ಡಬ್ಬಿಯ ಹಿಂದೆ ಒಂದು ಬೆಚ್ಚನೆಯ ಗೂಡಿನ ಜ್ಞಾನವಿರಬಹುದು.

ಮಳೆಗಾಲಕ್ಕೆ ಮುನ್ನ ಬಂಧುಗಳು ಪುನಃ ಕೂಡಿದರು. ಹುಡುಗಿಯು ತನ್ನ ವಹಿಯನ್ನು ಓದಿ ತೋರಿಸಿದಳು. ಅಬಚಿಯವರು ಖಾನಾಪುರದಲ್ಲಿಯೇ ಇರಲಿ, ವಾರಕ್ಕೊಮ್ಮೆ ಒಬ್ಬರು ಹೋಗಿ ಬರತಕ್ಕದ್ದು, ನೆರೆಮನೆಯವರ ಬಳಿ ಒಂದು ಕೀಲಿಕೈ ಇರತಕ್ಕದ್ದು ಎಂದು ಗೊತ್ತಾಯಿತು. ಆ ಮೇಲೆ ಎರಡು ಮಳೆಗಾಲಗಳು ಕಳೆದಿವೆ. ಮುಪ್ಪು ನಿಲ್ಲುವದಿಲ್ಲ, ಅವರನ್ನು ಕರೆತರಲೇಬೇಕಾದ ದಿನವು ಒಮ್ಮೆ ಬರಬಹುದು, ಅದನ್ನು ಅಬಚಿಯವರೂ ಅಲ್ಲಗಳೆಯುವದಿಲ್ಲ. ಆದರೆ ಆ ದಿನವು ಅವರ ದೇಹದ ಅಳತೆಯಿಂದ ಬರಲಿ, ಒಲೆಯನ್ನು ತಪ್ಪು ಸ್ಥಳದಲ್ಲಿ ಕೂಡಿಸಿದ್ದರಿಂದ ಬಾರದಿರಲಿ. ಎಷ್ಟೋ ಮನೆಗಳಲ್ಲಿ ಎಷ್ಟೋ ಜನರು ಕೈಲಾಗದವರೆಂಬ ಹೆಸರನ್ನು ಹೊತ್ತು ಮೂಲೆಗೆ ಸೇರಿರುವರು. ಅವರ ಪೈಕಿ ಎಷ್ಟು ಜನರಿಗೆ ಎರಡು ಗೇಣು ಸರಿಸಿದ ಒಲೆಯೊಂದು ಸಾಕಾಗುತ್ತಿದ್ದಿತೋ, ಹೋಗಿ ನೋಡಿದವರು ಮಾತ್ರವೇ ಹೇಳಬಲ್ಲರು.